ಕಾಲ ಓಡುತ್ತದೆ ಎಂಬ ದೂರು: ಒಬ್ಬ ಗಾಯಕಿಯ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಉದ್ಯೋಗದ ವಿವರಗಳನ್ನು ಬದಲಿಸಿದೆ.)

ನಮ್ಮಲ್ಲಿ ಸಲಹೆಗೆ ಬಂದವರು ಮೂವತ್ತರ ಆಸುಪಾಸಿನ ಮಹಿಳೆ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ ವಿದ್ವತ್ ಪರೀಕ್ಷೆಗೆ ಪಾಠ ಮಾಡಿಸಿಕೊಳ್ಳುತ್ತಿದ್ದರು. ಒಳ್ಳೆಯ ಶಾರೀರ, ಗಮಕ (ಸ್ವರವನ್ನು ತೂಗಿ ಹಾಡುವ ಬಗೆ) ಹದವಾಗಿದೆ. ಒಂದು ಕಾರ್ಯಕ್ರಮ ಮುಗಿದ ಮೇಲೆ ಮೃದಂಗದವರು "ಕಾಲ ಓಡ್ತಿದೆ ಮೇಡಂ, ಸ್ವಲ್ಪ ನೋಡ್ಕೊಳ್ಳಿ" ಅಂದಿದ್ದರು, ಅಂದರೆ ಹಾಡುತ್ತಾ ಹೋದಂತೆ ವೇಗ ಏರುತ್ತಿದೆ ಅಂತ. ಅಲ್ಲಿಂದೀಚೆಗೆ ಯಾರು ಹಾಡಲು ಕರೆದರೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಅವರ ಮಾತಿನಲ್ಲೇ ಹೇಳುವುದಾದರೆ: "ನಂಗೆ ಹುಟ್ಟಿನಿಂದ್ಲೇ ಲಯಜ್ಞಾನ ಇಲ್ಲ ಅನ್ಸುತ್ತೆ. ಭಾವ ಹಾಕೋಕೆ ಹೋದ್ರೆ ತಾಳ ಹೋಗುತ್ತೆ, ತಾಳ ನೋಡ್ಕೊಂಡ್ರೆ ಭಾವ ಸತ್ತೋಗುತ್ತೆ."

ಈ ಎರಡನೆಯ ವಾಕ್ಯವನ್ನು ಬಹಳ ವಿದ್ಯಾರ್ಥಿಗಳು ಹೇಳುತ್ತಾರೆ, ಅನೇಕ ಪಾಠದ ಮನೆಗಳಲ್ಲಿ ಅದನ್ನೇ ಸತ್ಯ ಅಂತ ಒಪ್ಪಿಯೂ ಬಿಡುತ್ತಾರೆ. ಆದರೆ ಭಾವಕ್ಕಾಗಿ ಒಂದು ಮಾತನ್ನು ಎಳೆದು, ತಡೆದು, ಕೊಂಚ ತಡವಾಗಿ ಬಿಡುವುದು ಕೇಳುವವರ ಕಿವಿಗೆ ತಲುಪಬೇಕಾದರೆ ಅದರ ಕೆಳಗಿನ ಅಕ್ಷರಕಾಲ (ತಾಳದ ಒಂದೊಂದು ಎಣಿಕೆಯ ಅಳತೆ) ಅಲುಗಬಾರದು. ಕೆಳಗಿನದೂ ಜೊತೆಯಲ್ಲೇ ಸರಿದರೆ ಎಳೆದದ್ದು ಯಾರಿಗೂ ಗೊತ್ತಾಗುವುದಿಲ್ಲ, ಹಾಡು ಅಸ್ಥಿರವಾಯಿತು ಅಂತ ಮಾತ್ರ ಅನ್ನಿಸುತ್ತದೆ. ಆದ್ದರಿಂದ ಮೊದಲು ನೋಡಬೇಕಿದ್ದದ್ದು ಒಂದೇ ವಿಷಯ: ಲಯ ಇವರಲ್ಲಿ ಇಲ್ಲವೋ, ಇದ್ದೂ ಹಾಡುವಾಗ ಕೈತಪ್ಪುತ್ತಿದೆಯೋ.

ಮೊದಲ ಪರೀಕ್ಷೆಯಲ್ಲಿ ಹಾಡು ಇರಲಿಲ್ಲ. ಮೆಟ್ರೊನೋಮ್ (ಸಮ ಅಂತರದಲ್ಲಿ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು, ಎಂಟು ಅಕ್ಷರದ ಆದಿತಾಳ ಹಾಕಿಸಿ, ಎರಡು ಆವರ್ತನ (ತಾಳದ ಸುತ್ತು) ಆದಮೇಲೆ ಧ್ವನಿ ನಿಲ್ಲಿಸಿ, ಮುಂದಿನ ನಾಲ್ಕು ಆವರ್ತನ ಅವರೇ ಹಾಕಲಿ ಅಂತ ಬಿಟ್ಟೆವು. ಅದಕ್ಕೆ 32 ಸೆಕೆಂಡು ಹಿಡಿಯಬೇಕು. ಅವರು ಅರ್ಧ ಸೆಕೆಂಡಿನ ಒಳಗಿನ ವ್ಯತ್ಯಾಸದಲ್ಲಿ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದರು. ಲಯಜ್ಞಾನ ಇಲ್ಲದವರಿಗೆ ಇದು ಆಗದ ಕೆಲಸ. ಈ ಫಲಿತಾಂಶವನ್ನು ಗಡಿಯಾರದ ಸಮೇತ ತೋರಿಸಿದಾಗ ಅವರು ಮತ್ತೊಮ್ಮೆ ಹಾಕಿ ನೋಡಿ ನಂಬಿದರು. "ಇಲ್ಲ" ಅನ್ನುವ ನಂಬಿಕೆ ಸಡಿಲವಾಗದೆ ಮುಂದಿನ ಯಾವ ಅಭ್ಯಾಸವೂ ಹಿಡಿಯುತ್ತಿರಲಿಲ್ಲ.

ಎರಡನೆಯದು, ಅವರ ಹಳೆಯ ಕಾರ್ಯಕ್ರಮದ ಒಂದು ಕೃತಿಯ ಧ್ವನಿಮುದ್ರಣ. ಲೆಕ್ಕ ಸುಲಭ. ಆದಿತಾಳದ ಒಂದು ಆವರ್ತನಕ್ಕೆ ಎಷ್ಟು ಸೆಕೆಂಡು ಅಂತ ನೋಡಿ, 480ನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಅಕ್ಷರ ಅನ್ನುವುದು ಸಿಗುತ್ತದೆ. (ಏಳು ಅಕ್ಷರದ ಮಿಶ್ರಛಾಪು ತಾಳಕ್ಕಾದರೆ 420.) ಪಲ್ಲವಿಯಲ್ಲಿ ಆವರ್ತನಕ್ಕೆ 6.7 ಸೆಕೆಂಡು, ಅಂದರೆ ಸುಮಾರು 72. ಚರಣದ ಕೊನೆಗೆ 5.9, ಅಂದರೆ 81. ಓಟ ನಿಜವೇ. ಆದರೆ ಅದು ಎಲ್ಲ ಕಡೆ ಹರಡಿರಲಿಲ್ಲ, ಎರಡೇ ಜಾಗದಲ್ಲಿತ್ತು: ಹೊಸ ಸಂಗತಿ (ಅದೇ ಸಾಲನ್ನು ಬೇರೆ ರೀತಿ ಬೆಳೆಸಿ ಹಾಡುವುದು) ಶುರುವಾಗುವ ಕಡೆ, ಮತ್ತು ಸಾಲಿನ ತುದಿಯ ಕಾರ್ವೆಯಲ್ಲಿ (ಸ್ವರವನ್ನು ಎಳೆದು ನಿಲ್ಲಿಸುವ ಜಾಗ). ಮೂರು ಅಕ್ಷರ ನಿಲ್ಲಬೇಕಾದ ಕಾರ್ವೆಗಳು ಎರಡೂವರೆಗೇ ಮುಗಿಯುತ್ತಿದ್ದವು.

ಕಾರಣ ಸಿಕ್ಕಿದ್ದು ವಿಡಿಯೊದಲ್ಲಿ. ಕೈ ಹಾಡನ್ನು ನಡೆಸುತ್ತಿರಲಿಲ್ಲ, ಹಾಡಿನ ಹಿಂದೆ ಹೋಗುತ್ತಿತ್ತು. ಬಿರುಸಾದ ಸಂಗತಿ ಬಂದಾಗ ಲಘುವಿನ (ಆದಿತಾಳದ ಮೊದಲ ನಾಲ್ಕು ಅಕ್ಷರ: ಒಂದು ಪೆಟ್ಟು, ಮೂರು ಬೆರಳೆಣಿಕೆ) ಬೆರಳೆಣಿಕೆ ಸ್ಪಷ್ಟವಾಗಿ ಬೀಳದೆ ತೇಲಿಹೋಗುತ್ತಿತ್ತು. ಆಮೇಲೆ ಬರುವ ಎರಡು ದ್ರುತಗಳಲ್ಲಿ (ಒಂದೊಂದೂ ಒಂದು ಪೆಟ್ಟು, ಒಂದು ಹುಸಿ) ಪೆಟ್ಟು ಸರಿಯಾಗಿ ಬಿದ್ದರೂ ಹುಸಿ, ಅಂದರೆ ಅಂಗೈ ಮೇಲಕ್ಕೆ ತಿರುಗಿಸುವುದು, ಮೊಟಕಾಗುತ್ತಿತ್ತು. ಹುಸಿಗೆ ಸದ್ದಿಲ್ಲ, ಹಾಗಾಗಿ ಕಳ್ಳತನ ಅಲ್ಲೇ ಆಗುವುದು. ಆವರ್ತನದಲ್ಲಿ ಎರಡು ಹುಸಿ. ಒಂದೊಂದರಲ್ಲಿ ಅಕ್ಷರದ ಹತ್ತರಲ್ಲೊಂದು ಪಾಲು ಹೋದರೂ ಹತ್ತು ಆವರ್ತನಕ್ಕೆ ಎರಡು ಅಕ್ಷರ ಮುಂದೆ ಬಂದಿರುತ್ತೀರಿ. ಮನೆಯಲ್ಲಿ ಇದು ಬೆಳಕಿಗೆ ಬರದಿರಲು ಇನ್ನೊಂದು ಕಾರಣ ಇತ್ತು: ಅಭ್ಯಾಸದ ವೇಳೆ ತಾಯಿ ಎದುರಿಗೆ ಕೂತು ತಾಳ ಹಾಕಿಕೊಡುತ್ತಿದ್ದರು, ಅವರಿಲ್ಲದಾಗ ಆ್ಯಪ್ ಪ್ರತಿ ಅಕ್ಷರಕ್ಕೂ ಟಿಕ್ ಅನ್ನುತ್ತಿತ್ತು. ಕಾಲ ಕಾಯುವ ಕೆಲಸವನ್ನು ಅವರು ಒಮ್ಮೆಯೂ ತಾವೇ ಮಾಡಬೇಕಾಗಿ ಬಂದಿರಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು.

ಎರಡು ವಾರ ಆ ಕೃತಿಯನ್ನು ಮುಟ್ಟಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ ಕೈ ಮತ್ತು ಬಾಯಿ ಮಾತ್ರ. 60ರಲ್ಲಿ ತಾಳ ಹಾಕುತ್ತಾ ಅಕ್ಷರಕ್ಕೆ ಒಂದು, ಎರಡು, ನಾಲ್ಕು ಸೊಲ್ಲಿನಂತೆ ತಕಧಿಮಿ ಹೇಳಿ. ಅದು ಸ್ಥಿರವಾದ ಮೇಲೆ ಎರಡು ಆವರ್ತನ ತಕಧಿಮಿ, ಎರಡು ಆವರ್ತನ ತಕಿಟ, ಹೀಗೆ ನಡೆ (ಅಕ್ಷರವನ್ನು ಒಳಗೆ ಭಾಗ ಮಾಡುವ ರೀತಿ) ಬದಲಿಸುತ್ತಾ ಹೋಗಿ. ತಿಶ್ರಕ್ಕೆ (ಮೂರರ ನಡೆ) ಹೋದಾಗ ಕೈ ನಿಧಾನವಾಗುತ್ತದೆ, ಚತುರಶ್ರಕ್ಕೆ (ನಾಲ್ಕರ ನಡೆ) ಮರಳಿದಾಗ ಎಳೆದುಕೊಂಡು ಓಡುತ್ತದೆ. ಈ ಎರಡು ಹೊಸ್ತಿಲುಗಳಲ್ಲಿ ಕೈ ಬದಲಾಗದಿದ್ದರೆ ಸಂಗತಿಗಳಲ್ಲೂ ಬದಲಾಗುವುದಿಲ್ಲ. ಪೆಟ್ಟು ಮೆತ್ತಗಿರಲಿ, ಹುಸಿಗೆ ಕೈ ಪೂರ್ತಿ ತಿರುಗಲಿ.

ಆಮೇಲೆ ಮೆಟ್ರೊನೋಮನ್ನು ತೆಳುವಾಗಿಸುತ್ತಾ ಬನ್ನಿ. 60ರ ಕಾಲವನ್ನು ಹಾಗೇ ಇಟ್ಟು ಯಂತ್ರವನ್ನು 30ಕ್ಕೆ ಇಳಿಸಿದರೆ ಎರಡು ಅಕ್ಷರಕ್ಕೊಮ್ಮೆ ಸದ್ದು, 15ಕ್ಕೆ ಇಳಿಸಿದರೆ ಲಘುವಿನ ಪೆಟ್ಟಿಗೆ ಒಮ್ಮೆ, ಮೊದಲ ದ್ರುತದ ಪೆಟ್ಟಿಗೆ ಒಮ್ಮೆ. ನಿಮ್ಮ ಆ್ಯಪ್ ಅಷ್ಟು ಕೆಳಗೆ ಇಳಿಯದಿದ್ದರೆ ಎರಡು ಆವರ್ತನ ಧ್ವನಿ ಇಟ್ಟು, ಎರಡು ಆವರ್ತನ ಕೈಯಿಂದಲೇ ಧ್ವನಿ ಮುಚ್ಚಿ ತೆರೆಯಿರಿ. ತೆರೆದಾಗ ನೀವು ಮುಂದಿದ್ದೀರೋ ಹಿಂದಿದ್ದೀರೋ ಬರೆದಿಡಿ. ಇವರದು ಬಹುತೇಕ "ಮುಂದೆ" ಎಂದೇ ಇತ್ತು, ಅದೂ ಉಸಿರು ತೆಗೆದುಕೊಂಡ ಆವರ್ತನಗಳಲ್ಲಿ.

ಮೆಟ್ರೊನೋಮ್ ಭಾವವನ್ನು ಕೊಲ್ಲುತ್ತದೆ ಎನ್ನುವವರಿದ್ದಾರೆ. ಪ್ರತಿ ಅಕ್ಷರಕ್ಕೂ ಅದನ್ನೇ ನೆಚ್ಚಿಕೊಂಡು ಹಾಡಿದರೆ ಅವರ ಮಾತು ಸರಿ. ಸದ್ದುಗಳ ನಡುವಿನ ಬಯಲನ್ನು ದೊಡ್ಡದು ಮಾಡುತ್ತಾ ಹೋದರೆ ಅದೇ ಯಂತ್ರ ಲಯವನ್ನು ನಿಮ್ಮೊಳಗೆ ಕೂರಿಸುತ್ತದೆ.

ಅಲಂಕಾರಗಳನ್ನು (ಆರಂಭದ ಸ್ವರಪಾಠಗಳು) 40ರಲ್ಲಿ ಹಾಡಿ. ಅಕ್ಷರಕ್ಕೆ ಒಂದೂವರೆ ಸೆಕೆಂಡು ಸಿಗುತ್ತದೆ, ಮೊದಲ ದಿನ ಅಸಹನೀಯ ಅನ್ನಿಸುತ್ತದೆ. ವಿಳಂಬ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಖಾಲಿಯಾಗಿ ಕಾಯಲು ಆಗುವುದಿಲ್ಲ; ಒಳಗೆ ತಕಧಿಮಿ ನಡೆಯುತ್ತಲೇ ಇರಬೇಕು. ಕಾರ್ವೆ ಮೊಟಕಾಗುವುದು ಅದು ಒಳಗೆ ನಿಂತುಹೋದಾಗ. ಉಸಿರಿನ ವಿಚಾರದಲ್ಲಿ ಒಂದು ನಿಯಮ ಕೊಟ್ಟೆವು: ಉಸಿರಿಗೆ ಬೇಕಾದ ಕಾಲವನ್ನು ಹಿಂದಿನ ಸ್ವರದ ಬಾಲದಿಂದ ತೆಗೆದುಕೊಳ್ಳಿ, ಮುಂದಿನ ಎಡುಪಿನಿಂದ (ಸಾಲು ಶುರುವಾಗುವ ಜಾಗ) ಅಲ್ಲ. ಮೂರು ಅಕ್ಷರದ ಕಾರ್ವೆಯಾದರೆ ಎರಡೂವರೆಗೆ ನಾದ ಬಿಟ್ಟು, ಉಳಿದ ಅರ್ಧದಲ್ಲಿ ಉಸಿರೆಳೆದು, ಕೈ ಬಂದ ಮೇಲೇ ಮುಂದಿನ ಸಾಲು. ಇವರು ನಾದ ಬಿಟ್ಟ ಕೂಡಲೇ ಹೊರಡುತ್ತಿದ್ದರು.

ಭಾವಕ್ಕಾಗಿ ಕಾಲವನ್ನು ಬಾಗಿಸುವ ಅಭ್ಯಾಸ ಐದನೆಯ ವಾರದಿಂದ. ಪಲ್ಲವಿಯ ಒಂದೇ ಸಾಲು. ಧ್ವನಿ ಮುಚ್ಚಿದ ನಾಲ್ಕು ಆವರ್ತನದಲ್ಲಿ ಆ ಸಾಲು ಅಲುಗದೆ ನಿಂತ ಮೇಲೆ ಮಾತ್ರ ಇದಕ್ಕೆ ಕೈ ಹಾಕಬೇಕು. ಮೊದಲು ಬರೆದಿದ್ದಂತೆಯೇ ಹಾಡಿ. ಎರಡನೆಯ ಸಲ ಮುಖ್ಯ ಪದವನ್ನು ಕಾಲು ಅಕ್ಷರ ತಡೆದು ಶುರುಮಾಡಿ, ಉಳಿದ ಸಾಹಿತ್ಯವನ್ನು ಒತ್ತಾಗಿಸಿ, ಐದನೆಯ ಅಕ್ಷರದ ಅರುದಿಗೆ (ಸಾಲಿನ ನಡುವೆ ಪದ ಬಂದು ಕೂರುವ ಜಾಗ) ಸರಿಯಾಗಿ ಬಂದು ಇಳಿಯಿರಿ. ಮೂರನೆಯ ಸಲ ಅದೇ ಪದವನ್ನು ಕೊಂಚ ಮೊದಲೇ ಎತ್ತಿ, ಗಮಕದಲ್ಲಿ ಹಿಗ್ಗಿಸಿ, ಮತ್ತೆ ಅದೇ ಅರುದಿಗೆ. ಹೊರಡುವ ಜಾಗ ನಿಮ್ಮ ಇಷ್ಟ, ಇಳಿಯುವ ಜಾಗ ತಾಳದ್ದು. ತಡೆದಾಗ ಕೈಯೂ ತಡೆದರೆ ತಕ್ಷಣ ನಿಲ್ಲಿಸಿ ತಕಧಿಮಿಗೆ ಮರಳಬೇಕು. ಉಗಾಭೋಗವನ್ನು (ದಾಸರ ಕಿರು ರಚನೆ) ಕೊನೆಗೆ ಉಳಿಸಿಕೊಳ್ಳಿ ಎಂದೆವು. ಅಲ್ಲಿ ತಾಳ ಇಲ್ಲ, ಮಾತಿನ ಗತಿ ಮಾತ್ರ ಇದೆ. ಒಳಗೆ ಲಯ ಕೂತಿರದವರು ಅದನ್ನು ಎಳೆದೆಳೆದು ಜಡವಾಗಿಸುತ್ತಾರೆ.

ವೇದಿಕೆಯ ಭಯಕ್ಕೆ ಬೇರೆ ಉಪಾಯ. ಎದೆ ಬಡಿತ ಏರಿದಾಗ ಮನೆಯ ಕಾಲ ನಿಧಾನ ಅನ್ನಿಸಿ, ಗೊತ್ತಿಲ್ಲದೆಯೇ ಬಿರುಸಾಗಿ ಎತ್ತಿಕೊಳ್ಳುತ್ತೇವೆ. ಆದ್ದರಿಂದ ಪಲ್ಲವಿಯನ್ನು ನೆನೆದು ಕಾಲ ಹಿಡಿಯಬೇಡಿ. ಆ ಕೃತಿಯ ಅತ್ಯಂತ ಬಿರುಸಾದ ಸಂಗತಿಯನ್ನು ಮನಸ್ಸಿನಲ್ಲೇ ಒಮ್ಮೆ ಹಾಡಿ, ಅದು ಸಲೀಸಾಗಿ ಬರುವ ಕಾಲದಲ್ಲಿ ಒಂದು ಆವರ್ತನ ಕೈ ಹಾಕಿ, ಆಮೇಲೆ ಎತ್ತಿ. ಮೃದಂಗದವರ ಜೊತೆ ಮೊದಲೇ ಮಾತಾಡಿ, ಮೊದಲ ಎರಡು ಕೃತಿಗಳಿಗೆ ಸರ್ವಲಘುವಿನಲ್ಲೇ (ಸರಳವಾದ, ಸಮನಾದ ನಡೆ) ನುಡಿಸಿಕೊಡಲು ಕೇಳಿ. ದೂರು ಹೇಳಿದ ಅದೇ ಕಲಾವಿದರನ್ನು ಕೇಳಿದರೆ ಒಳ್ಳೆಯದು ಎಂದಾಗ ಇವರು ಹಿಂಜರಿದರು. ಒಂದು ವಾರದ ಬಳಿಕ ಫೋನ್ ಮಾಡಿದರಂತೆ, ಅವರು ಸಂತೋಷದಿಂದ ಒಪ್ಪಿದರಂತೆ. ತಾಯಿಗೂ ತಾಳ ಹಾಕದೆ ಸುಮ್ಮನೆ ಕೂತು ಕೇಳಲು ಹೇಳಿಸಿದೆವು.

ಮೂರು ತಿಂಗಳ ನಂತರದ ಧ್ವನಿಮುದ್ರಣದಲ್ಲಿ ಅದೇ ಕೃತಿ 72ಕ್ಕೆ ಶುರುವಾಗಿ 74ಕ್ಕೆ ಮುಗಿದಿದೆ. ತುಂಬು ಕಛೇರಿಯಲ್ಲಿ ಅಷ್ಟು ಏರುವುದು ಸಹಜ, ಅದನ್ನು ತಿದ್ದಬೇಕಿಲ್ಲ. ಕಲ್ಪನಾಸ್ವರದಲ್ಲಿ (ಆಗಲೇ ಕಲ್ಪಿಸಿಕೊಂಡು ಹಾಡುವ ಸ್ವರಗಳು) ಮಾತ್ರ ಇನ್ನೂ ಓಟ ಇದೆ. ಸದ್ಯಕ್ಕೆ ಒಂದೇ ಆವರ್ತನದ ಸ್ವರ, ಕೊನೆಯ ಎರಡು ಅಕ್ಷರ ಕಾರ್ವೆ, ನಂತರ ಎಡುಪು, ಇಷ್ಟರಲ್ಲೇ ಇರಲು ಹೇಳಿದ್ದೇವೆ. ಆ ಕಾರ್ವೆ ಪೂರ್ತಿ ನಿಲ್ಲತೊಡಗಿದ ಮೇಲೆ ಎರಡು ಆವರ್ತನಕ್ಕೆ ಹೋಗಬಹುದು.