ಡ್ಯಾಂ ಕೆಳಗಿನ ಟ್ರೌಟ್: ಟೆನ್ನೆಸ್ಸೀಗೆ ಹೊರಟ ಗೌಡ್ರಿಗೂ, ಗೊರೂರಲ್ಲಿ ಮರಿ ಬಿಡೋಣ ಅಂದವರಿಗೂ

ಗೌಡ್ರೇ, ನಿಮ್ಮ ಪ್ರಶ್ನೆ ನೋಡಿದೆ. ಜೂನ್‌ನಲ್ಲಿ ಮಗಳ ಮನೆಗೆ ಅಮೆರಿಕದ ಟೆನ್ನೆಸ್ಸೀಗೆ ಹೋಗುತ್ತಿದ್ದೀರಿ. ಅಳಿಯಂದಿರು ಸೌತ್ ಹೋಲ್‌ಸ್ಟನ್ ನದಿಗೆ ಟ್ರೌಟ್ ಅನ್ನುವ ಮೀನು ಹಿಡಿಯಲು ಕರೆದುಕೊಂಡು ಹೋಗುತ್ತಾರಂತೆ. ಹೇಮಾವತಿಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿದ ಕೈ ಅಲ್ಲಿ ಏನು ಮಾಡಬೇಕು ಅಂತ ಕೇಳಿದ್ದೀರಿ. ಅದರ ಕೆಳಗೆ ಆಲೂರಿನ ಸ್ನೇಹಿತರೊಬ್ಬರು, "ಅಲ್ಲಿ ಡ್ಯಾಂ ಕೆಳಗೆ ಟ್ರೌಟ್ ಬದುಕುತ್ತೆ ಅಂದ್ರೆ ಗೊರೂರು ಡ್ಯಾಂ ಕೆಳಗೆ ಯಾಕೆ ಬದುಕಲ್ಲ? ಮರಿ ತಂದು ಬಿಟ್ಟರಾಯ್ತು" ಅಂತ ಬರೆದಿದ್ದಾರೆ. ಚಿಕ್ಕಮಗಳೂರಿಗೆ ವಾಪಸ್ ಬರುವ ಮುಂಚೆ ನಾನು ಆ ಕಡೆ ಕೆಲಸದಲ್ಲಿದ್ದೆ. ಆ ನೀರಿನಲ್ಲಿ ನಿಂತು ಮೀನು ಹಿಡಿದಿದ್ದೇನೆ, ಬಿಟ್ಟಿದ್ದೇನೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆಲೂರಿನವರ ಪ್ರಶ್ನೆಗೆ ಬರುತ್ತೇನೆ. ಅದು ಅರ್ಥವಾದರೆ ಗೌಡ್ರಿಗೆ ನದಿಯ ಅರ್ಧ ಪಾಠ ಆದಂತೆ.

ಟ್ರೌಟ್‌ಗೆ ತಣ್ಣೀರು ಬೇಕು. ಹತ್ತರಿಂದ ಹದಿನಾರು ಡಿಗ್ರಿ ಇದ್ದರೆ ಆರಾಮಾಗಿ ಮೇಯುತ್ತದೆ. ಇಪ್ಪತ್ತು ದಾಟಿದರೆ ಒದ್ದಾಡುತ್ತದೆ. ಇಪ್ಪತ್ತೈದರ ಹತ್ತಿರ ಬಹುಪಾಲು ಸಾಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಅದೂ ಒಂದು ಕಾರಣ. ಸೌತ್ ಹೋಲ್‌ಸ್ಟನ್‌ನಲ್ಲೂ ಈಗಿರುವ ಟ್ರೌಟ್ ಮೊದಲಿನಿಂದ ಇದ್ದದ್ದಲ್ಲ. ಬ್ರೌನ್ ಟ್ರೌಟ್ ಮೂಲತಃ ಯೂರೋಪಿನದು, ರೇನ್‌ಬೋ ಟ್ರೌಟ್ ಅಮೆರಿಕದ ಪಶ್ಚಿಮ ಕರಾವಳಿ ಕಡೆಯದು. ಆ ನದಿಗೆ 1950ರಲ್ಲಿ ಟಿವಿಎ ಅನ್ನುವ ಸರ್ಕಾರಿ ಸಂಸ್ಥೆ ಡ್ಯಾಂ ಕಟ್ಟಿ ಮುಗಿಸಿತು. ಎತ್ತರ 285 ಅಡಿ. ಚಳಿಗಾಲದಲ್ಲಿ ಜಲಾಶಯದ ನೀರೆಲ್ಲಾ ಮೇಲಿಂದ ತಳದವರೆಗೆ ಕೊರೆಯುವಷ್ಟು ತಣ್ಣಗಾಗುತ್ತದೆ. ಬೇಸಿಗೆ ಬಂದಾಗ ಮೇಲಿನ ನೀರು ಬಿಸಿಯಾಗಿ ಹಗುರಾಗುತ್ತದೆ, ಅಲ್ಲೇ ತೇಲುತ್ತದೆ. ತಳದ ಭಾರದ ತಣ್ಣೀರು ಅದರೊಂದಿಗೆ ಬೆರೆಯುವುದೇ ಇಲ್ಲ. ಟರ್ಬೈನ್‌ಗೆ ನೀರು ಹೋಗುವ ಬಾಯಿ ಇರುವುದು ಆಳದಲ್ಲಿ. ಹಾಗಾಗಿ ಜುಲೈ ಬಿಸಿಲಲ್ಲೂ ಡ್ಯಾಂ ಕೆಳಗೆ ಹರಿಯುವುದು ಹತ್ತು ಡಿಗ್ರಿ ಆಸುಪಾಸಿನ ನೀರು. ಅಂದರೆ ಡ್ಯಾಂ ಚಳಿಯನ್ನು ಹುಟ್ಟಿಸುವುದಿಲ್ಲ. ಚಳಿಗಾಲದ ಚಳಿಯನ್ನು ಕಣಜದಲ್ಲಿ ತುಂಬಿಟ್ಟುಕೊಂಡು ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ, ಅಷ್ಟೇ.

ಈಗ ಹೇಳಿ, ಹಾಸನದಲ್ಲಿ ತುಂಬಿಡುವಂಥ ಚಳಿ ಎಲ್ಲಿದೆ? ಜನವರಿ ಬೆಳಗ್ಗೆ ನಾವು ಸ್ವೆಟರ್ ಹಾಕುತ್ತೇವೆ ನಿಜ, ಮಧ್ಯಾಹ್ನಕ್ಕೆ ಛತ್ರಿ ಹುಡುಕುತ್ತೇವೆ ಅಲ್ವಾ? ಹಗಲು ರಾತ್ರಿ ಸೇರಿಸಿ ನೋಡಿದರೆ ಇಪ್ಪತ್ತರ ಮೇಲೇ ಇರುತ್ತದೆ. ಜಲಾಶಯದ ತಳ ಅದಕ್ಕಿಂತ ತಣ್ಣಗಾಗಲು ದಾರಿಯೇ ಇಲ್ಲ. ಇನ್ನೊಂದು ವಿಷಯ: ಗೊರೂರು ತುಂಬುವುದು ಜುಲೈ-ಆಗಸ್ಟ್ ಮಳೆಗೆ. 37 ಟಿಎಂಸಿ ಹಿಡಿಯುವ ಜಲಾಶಯ ನಾಲೆಗೆ ನೀರು ಬಿಟ್ಟು ಬಿಟ್ಟು ಮೇ ಹೊತ್ತಿಗೆ ಬಸವಳಿದಿರುತ್ತದೆ. ಬೇಸಿಗೆಯಲ್ಲೇ ಖಾಲಿಯಾಗುವ ಜಲಾಶಯ ಬೇಸಿಗೆಗೆ ತಣ್ಣೀರು ಉಳಿಸುವುದು ಹೇಗೆ? ಯಗಚಿ, ವಾಟೆಹೊಳೆ, ಲಕ್ಕವಳ್ಳಿಯ ಭದ್ರಾ, ಎಲ್ಲದಕ್ಕೂ ಇದೇ ಮಾತು.

"ಮುಳ್ಳಯ್ಯನಗಿರಿ ತಣ್ಣಗಿದೆಯಲ್ಲ" ಅಂತ ಇನ್ನೊಬ್ಬರು ಹಾಕಿದ್ದರು. ಗಿರಿ 1,900 ಮೀಟರ್ ದಾಟುತ್ತದೆ, ಸರಿ. ಆದರೆ ಆ ಎತ್ತರದಲ್ಲಿ ವರ್ಷವಿಡೀ ಹರಿಯುವ ದೊಡ್ಡ ಹೊಳೆ ಇಲ್ಲ. ಝರಿಗಳು ಮಾರ್ಚ್‌ಗೆ ಸೊರಗುತ್ತವೆ. ನೀಲಗಿರಿಯಲ್ಲಿ ಟ್ರೌಟ್ ನಿಂತಿದ್ದು ಅಲ್ಲಿ ಎರಡು ಸಾವಿರ ಮೀಟರ್ ಮೇಲೂ ತುಂಬು ಹೊಳೆಗಳಿರುವುದರಿಂದ. ಎಚ್. ಸಿ. ವಿಲ್ಸನ್ ಅನ್ನುವವರು ಅವಲಾಂಚಿಯಲ್ಲಿ 1907ರಲ್ಲಿ ಮರಿ ಮಾಡುವ ಕೇಂದ್ರ ಶುರು ಮಾಡಿದ್ದರು. ಇನ್ನು ನಮ್ಮ ಹೊಳೆಗೆ ಹೊರಗಿನ ಬೇಟೆ ಮೀನು ತಂದು ಬಿಡುವ ಯೋಚನೆಯೇ ನನಗೆ ಹಿಡಿಸುವುದಿಲ್ಲ. ಮೊದಲ ಮಳೆಗೆ ಹತ್ತುಮೀನು ಏರುವ ಹಳ್ಳಗಳು ಉಳಿದಿರುವುದೇ ಕಡಿಮೆ. ಅದಕ್ಕೆ ಇನ್ನೊಂದು ಬಾಯಿ ಬೇಡ.

ಗೌಡ್ರೇ, ಈಗ ನಿಮ್ಮ ನದಿ.

ಅಲ್ಲಿ ಮೊದಲು ಕಲಿಯಬೇಕಾದದ್ದು ಮೀನಲ್ಲ, ನೀರು ಬಿಡುವ ವೇಳಾಪಟ್ಟಿ. ಆ ಡ್ಯಾಂನಲ್ಲಿ ಇರುವುದು ಒಂದೇ ಟರ್ಬೈನ್. ಅದು ನಿಂತಿದ್ದಾಗ ನದಿಯಲ್ಲಿ ನೂರು ಕ್ಯೂಸೆಕ್ ಆಸುಪಾಸು ಹರಿಯುತ್ತದೆ, ಮೊಣಕಾಲು ನೀರು, ಕಲ್ಲು ಎಣಿಸಬಹುದು. ಅದು ತಿರುಗಿತು ಅಂದರೆ ಎರಡೂವರೆ ಸಾವಿರ ಕ್ಯೂಸೆಕ್ ಆಸುಪಾಸು ನುಗ್ಗುತ್ತದೆ. ನಾವು ಪೇಪರ್‌ನಲ್ಲಿ ಗೊರೂರಿನ ಹೊರಹರಿವು ಓದುವ ಅದೇ ಲೆಕ್ಕ. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಕ್ರೆಸ್ಟ್ ಗೇಟ್ ಎತ್ತುವುದು ಮಳೆಗಾಲದಲ್ಲಿ, ಮೋಡ ನೋಡಿದರೇ ಗೊತ್ತಾಗುತ್ತದೆ. ಅಲ್ಲಿ ನೀಲಿ ಆಕಾಶ ಇದ್ದಾಗಲೇ ನದಿ ಏರುತ್ತದೆ. ಬಿಸಿಲು ಜಾಸ್ತಿ ಆದರೆ ಊರಿನ ಎಸಿಗಳೆಲ್ಲ ಓಡುತ್ತವೆ, ಕರೆಂಟ್ ಬೇಕಾಗುತ್ತದೆ, ಟರ್ಬೈನ್ ತಿರುಗುತ್ತದೆ. ಹಾಗಾಗಿ ಜೂನ್-ಜುಲೈ ಮಧ್ಯಾಹ್ನಗಳನ್ನು ನಂಬಬೇಡಿ.

ಟಿವಿಎ ತನ್ನ ಆಪ್‌ನಲ್ಲಿ, ವೆಬ್‌ಸೈಟ್‌ನಲ್ಲಿ ಯಾವ ಹೊತ್ತಿಗೆ ಎಷ್ಟು ನೀರು ಅಂತ ಮುಂಚೆಯೇ ಹಾಕುತ್ತದೆ. ಹಿಂದಿನ ರಾತ್ರಿ ನೋಡಿ, ಬೆಳಗ್ಗೆ ಹೊರಡುವಾಗ ಮತ್ತೆ ನೋಡಿ. ಹಾಕಿದ್ದು ಬದಲಾಗಲೂಬಹುದು ಅಂತ ಅವರೇ ಹೇಳುತ್ತಾರೆ. ಅದಕ್ಕೆ ನೀರಿಗೆ ಇಳಿದ ಕೂಡಲೇ ದಡದ ಅಂಚಿನಲ್ಲಿ, ನೀರಿಗೆ ತಾಗಿದಂತೆ ಒಂದು ಕಲ್ಲನ್ನು ಗುರುತು ಇಟ್ಟುಕೊಳ್ಳಿ. ಕಲ್ಲು ಮುಳುಗಿತು ಅಂದರೆ ಮೀನು ಕಚ್ಚಿದ್ದರೂ ಸರಿ, ಹೊರಗೆ ಬನ್ನಿ. ಇದ್ದಕ್ಕಿದ್ದಂತೆ ಒಣ ಎಲೆ, ಹುಲ್ಲಿನ ಕಡ್ಡಿ ತೇಲಿ ಬರತೊಡಗಿದರೆ ಅದೂ ಅದೇ ಸೂಚನೆ. ಏರುವ ನೀರು ದಡದ ಕಸ ಎತ್ತಿಕೊಂಡು ಬರುತ್ತದೆ. ಕಾರು ನಿಲ್ಲಿಸಿದ ದಡದ ಕಡೆಯೇ ನಿಂತು ಮೀನು ಹಿಡಿಯುವುದು ಒಳ್ಳೆಯದು. ನಡುವೆ ದಾಟಿ ಆ ಕಡೆ ಹೋಗಿ ಸಿಕ್ಕಿಕೊಂಡರೆ ಟರ್ಬೈನ್ ನಿಲ್ಲುವವರೆಗೂ ಅಲ್ಲೇ ಇರಬೇಕಾಗುತ್ತದೆ. ಡ್ಯಾಂನಿಂದ ಸ್ವಲ್ಪ ಕೆಳಗೆ 1991ರಲ್ಲಿ ಕಟ್ಟಿದ ಒಂದು ಒಡ್ಡು ಇದೆ. ತಳದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ ಅಲ್ವಾ, ಅದನ್ನು ಧುಮುಕಿಸಿ ಗಾಳಿ ಸೇರಿಸಲು ಮತ್ತು ಟರ್ಬೈನ್ ನಿಂತಾಗ ನದಿ ಒಣಗದಂತೆ ನೋಡಿಕೊಳ್ಳಲು. ನೋಡಲು ಚೆಂದ. ಅದರ ಕೆಳಗಿನ ಸುಳಿ ಕೆಟ್ಟದ್ದು, ಹತ್ತಿರ ಹೋಗಬೇಡಿ.

ಒಂದು ಉಪಾಯ ಹೇಳುತ್ತೇನೆ. ಬಿಟ್ಟ ನೀರು ಇಡೀ ನದಿಗೆ ಒಂದೇ ಸಲ ತಲುಪುವುದಿಲ್ಲ. ಡ್ಯಾಂ ಹತ್ತಿರ ಮೊದಲು ಏರುತ್ತದೆ, ಕೆಳಗೆ ಹೋದಷ್ಟೂ ತಡ. ಇಳಿಯುವುದೂ ಹಾಗೇ. ಟರ್ಬೈನ್ ಶುರುವಾಗುವ ಹೊತ್ತಿಗೆ ಮೇಲಿನಿಂದ ಎದ್ದು ಕಾರು ಹತ್ತಿ ಕೆಳಗೆ ಹೋದರೆ ಇನ್ನೂ ಒಂದೆರಡು ತಾಸು ಇಳಿದ ನೀರು ಸಿಗುತ್ತದೆ. ನಿಂತ ಮೇಲೆ ಉಲ್ಟಾ, ಮೊದಲು ಡ್ಯಾಂ ಹತ್ತಿರಕ್ಕೆ ಬನ್ನಿ. ಅಳಿಯಂದಿರಿಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಮಾವ ಹೇಳಿಕೊಟ್ಟ ಹಾಗಾಯ್ತು.

ಸಾಮಾನು ವಿಷಯ. ಇಲ್ಲಿಂದ ಏನನ್ನೂ ಕೊಂಡೊಯ್ಯಬೇಡಿ. ಅಲ್ಲಿ ಹಿಡಿಯುವುದು ಫ್ಲೈ ಅನ್ನುವ ಸುಳ್ಳು ಹುಳು ಬೀಸಿ. ಅದಕ್ಕೆ ಒಂಬತ್ತು ಅಡಿಯ, ಐದನೇ ನಂಬರ್ ತೂಕದ ಲೈನ್‌ಗೆ ಹೊಂದುವ ರಾಡ್ ಸಾಕು, ಅಲ್ಲೇ ಬಾಡಿಗೆಗೆ ಸಿಗುತ್ತದೆ. ನೀರಿಗೆ ಇಳಿಯುವ ರಬ್ಬರಿನಂಥ ಉದ್ದ ಪ್ಯಾಂಟು, ವೇಡರ್ ಅಂತಾರೆ, ಅದು ಬೇಕೇ ಬೇಕು. ಹತ್ತು ಡಿಗ್ರಿ ನೀರಲ್ಲಿ ಚಡ್ಡಿ ಹಾಕಿಕೊಂಡು ನಿಂತರೆ ಕಾಲು ಜೋಮು ಹಿಡಿಯುತ್ತದೆ. ಸೊಂಟಕ್ಕೆ ಬೆಲ್ಟ್ ಬಿಗಿಯಾಗಿ ಕಟ್ಟಿ, ಬಿದ್ದರೂ ಒಳಗೆ ನೀರು ತುಂಬದ ಹಾಗೆ. ಕೈಯಲ್ಲೊಂದು ಕೋಲು ಇರಲಿ. ಕಲ್ಲುಗಳು ಪಾಚಿ ಹಿಡಿದು ಜಾರುತ್ತವೆ.

ನಮ್ಮ ಗಾಳದಲ್ಲಿ ತೂಕ ಇರುವುದು ತುದಿಯ ಸೀಸದಲ್ಲಿ, ಅದೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿದ ಸುಳ್ಳು ಹುಳು, ಅದಕ್ಕೆ ತೂಕವೇ ಇಲ್ಲ. ಇಲ್ಲಿ ತೂಕ ಇರುವುದು ದಪ್ಪ ಲೈನ್‌ನಲ್ಲಿ. ಹಿಂದಕ್ಕೆ ಬೀಸಿ, ಲೈನ್ ಪೂರ್ತಿ ಚಾಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ. ಆ ಕಾಯುವುದೇ ಕಷ್ಟ. ನಮ್ಮವರೆಲ್ಲ ಅವಸರ ಮಾಡುತ್ತಾರೆ. ಹೊರಡುವ ಮುಂಚೆ ಯಾರಾದರೂ ಹಳೇ ಸೆಟ್ ಕೊಟ್ಟರೆ ತೋಟದ ಕೆರೆ ಏರಿ ಪಕ್ಕದ ಹುಲ್ಲಿನ ಮೇಲೆ ಅಭ್ಯಾಸ ಮಾಡಿ. ಕೊಕ್ಕೆ ಬೇಡ, ಉಣ್ಣೆಯ ತುಂಡು ಕಟ್ಟಿ. ಕಾಫಿ ಕಣದ ಸಿಮೆಂಟ್ ಮೇಲೆ ಮಾತ್ರ ಬೇಡ, ಲೈನ್‌ನ ಮೇಲಿನ ಪದರ ತರಚಿ ಹಾಳಾಗುತ್ತದೆ.

ಯಾವ ಹುಳು? ಡ್ಯಾಂ ಕೆಳಗಿನ ನದಿಯಲ್ಲಿ ಹುಳುಗಳ ಜಾತಿ ಕಡಿಮೆ, ಸಂಖ್ಯೆ ವಿಪರೀತ. ಬೇಸಿಗೆ-ಚಳಿಗಾಲದ ವ್ಯತ್ಯಾಸ ನೀರಿಗೆ ಅಷ್ಟಾಗಿ ತಾಗದಿದ್ದರೆ ಹಲವು ಹುಳುಗಳಿಗೆ ಯಾವಾಗ ಬೆಳೆಯಬೇಕು, ಯಾವಾಗ ರೆಕ್ಕೆ ಬಿಚ್ಚಬೇಕು ಅನ್ನುವುದೇ ತಿಳಿಯುವುದಿಲ್ಲ. ಇದ್ದವು ಮಾತ್ರ ಕೋಟಿಗಟ್ಟಲೆ. ದಿನಾ ಏರಿಳಿಯುವ ನೀರೂ ಹುಳುಗಳ ಶತ್ರು. ಅಂಚಿನಲ್ಲಿ ಇಟ್ಟ ಮೊಟ್ಟೆ ನೀರು ಇಳಿದಾಗ ಒಣಗಿ ಸಾಯುತ್ತದೆ. ಅರಿಜೋನಾದ ಗ್ಲೆನ್ ಕ್ಯಾನ್ಯನ್ ಡ್ಯಾಂನಲ್ಲಿ 2018ರಿಂದ ಇದಕ್ಕೊಂದು ಪ್ರಯೋಗ ಮಾಡಿದರು. ಬೇಸಿಗೆಯ ಶನಿವಾರ-ಭಾನುವಾರ ನೀರನ್ನು ಏರಿಸದೆ ಒಂದೇ ಮಟ್ಟದಲ್ಲಿ ಬಿಟ್ಟರು, ಹುಳುಗಳು ಮೊಟ್ಟೆ ಇಟ್ಟು ಬದುಕಲಿ ಅಂತ. ಮೀನಿಗೆ ಮರಿ ತಂದು ಸುರಿಯುವುದಕ್ಕಿಂತ ಇದು ಬುದ್ಧಿವಂತಿಕೆ ಅಂತ ನನ್ನ ಲೆಕ್ಕ.

ಸೌತ್ ಹೋಲ್‌ಸ್ಟನ್‌ನಲ್ಲಿ ಬೇಸಿಗೆಯ ರಾಜ ಸಲ್ಫರ್ ಅನ್ನುವ ಹಳದಿ ಹುಳು. ನೀರಿನ ಮೇಲೆ ಪುಟ್ಟ ಹಾಯಿ ದೋಣಿ ಥರ ರೆಕ್ಕೆ ನಿಲ್ಲಿಸಿಕೊಂಡು ತೇಲುತ್ತದೆ. 16, 18 ನಂಬರ್ ಕೊಕ್ಕೆಯದು ಇಟ್ಟುಕೊಳ್ಳಿ. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು. ಮೇಲೆ ಮೀನು ಏಳದಿದ್ದರೆ 20, 22 ನಂಬರ್‌ನ ಮಿಜ್ ಅನ್ನುವ ಸೊಳ್ಳೆಯಂಥ ಹುಳುವಿನ ಮರಿಯನ್ನು ಹೋಲುವ ಫ್ಲೈಯನ್ನು ಮೇಲಿನ ಹುಳುವಿಗೆ ಒಂದೆರಡು ಅಡಿ ಕೆಳಗೆ ನೇತು ಹಾಕಿ. ಮೇಲಿನದೇ ಬೆಂಡಿನ ಕೆಲಸ ಮಾಡುತ್ತದೆ. ಕನ್ನಡಕ ಮರೆಯಬೇಡಿ. 22 ನಂಬರ್ ಕೊಕ್ಕೆಯ ಕಣ್ಣಿಗೆ ದಾರ ಪೋಣಿಸುವುದು ನಮ್ಮ ವಯಸ್ಸಿಗೆ ದೊಡ್ಡ ಶಿಕ್ಷೆ.

ಇದೆಲ್ಲಕ್ಕಿಂತ ಮುಖ್ಯ, ಹುಳು ದಾರಕ್ಕೆ ಎಳೆಯಲ್ಪಡದೆ ನೀರಿನ ವೇಗಕ್ಕೇ ತೇಲಬೇಕು. ಊಟ ಇಷ್ಟು ಸಿಗುವಾಗ ಮೀನು ಅನುಮಾನದ ಹುಳುವನ್ನು ಮೂಸಿಯೂ ನೋಡುವುದಿಲ್ಲ. ತುದಿ ದಾರ ತೆಳ್ಳಗಿರಬೇಕು, 6ಎಕ್ಸ್ ಅನ್ನುವ ಅಳತೆಯದು. ಅದು ತಡೆಯುವುದು ಒಂದೂವರೆ ಕೆಜಿ ಆಸುಪಾಸು. ಬಾಳೆಮೀನಿಗೆ ಜಗ್ಗುವಂತೆ ಜಗ್ಗಿದರೆ ಪಟ್ ಅಂತ ಹೋಗುತ್ತದೆ. ರಾಡ್ ಮೆಲ್ಲಗೆ ಮೇಲೆತ್ತಿ, ಅಷ್ಟು ಸಾಕು.

ಆ ನದಿಯ ಬ್ರೌನ್ ಟ್ರೌಟ್ ಅಲ್ಲೇ ಮೊಟ್ಟೆಯಿಟ್ಟು ಬೆಳೆದ ಕಾಡು ಮೀನು. ಚಳಿಗಾಲದ ಹೊತ್ತಿಗೆ ಜಲ್ಲಿಯಲ್ಲಿ ಗುಳಿ ತೋಡಿ ಮೊಟ್ಟೆ ಇಡುತ್ತದೆ. ನೀವು ಹೋಗುವುದು ಜೂನ್, ಆ ಚಿಂತೆ ಇಲ್ಲ. ಯಾರಾದರೂ ಡಿಸೆಂಬರ್‌ನಲ್ಲಿ ಹೋದರೆ, ಸುತ್ತಲಿನ ಪಾಚಿ ಕಲ್ಲುಗಳ ನಡುವೆ ತೊಳೆದಂತೆ ಬೆಳ್ಳಗೆ ಕಾಣುವ ಜಲ್ಲಿಯ ಮೇಲೆ ಕಾಲಿಡಬೇಡಿ. ನಡುವಿನ ಅಳತೆಯ ದೊಡ್ಡ ಮೀನನ್ನು ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವ ನಿಯಮ ಅಲ್ಲಿದೆ. ಲೈಸೆನ್ಸ್ ತೆಗೆಯುವಾಗ ಟ್ರೌಟ್ ಸೇರಿದೆಯಾ ನೋಡಿ, ಆ ವರ್ಷದ ಅಳತೆಯನ್ನೂ ಓದಿಕೊಳ್ಳಿ. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರಲ್ಲೇ ಬಿಡಿಸುವುದು. ಫೋಟೋ ಬೇಕಾದರೆ ಅಳಿಯಂದಿರು ಮೊದಲೇ ಫೋನ್ ಹಿಡಿದು ರೆಡಿ ಇರಲಿ.

ಅಮೆರಿಕಕ್ಕೆ ಹೋಗದವರಿಗೆ ಹಿಮಾಚಲ ಇದೆ. ತೀರ್ಥನ್ ನದಿಯಲ್ಲಿ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ತೆಗೆದುಕೊಂಡು ಹಿಡಿಯಬಹುದು, ನವೆಂಬರ್‌ನಿಂದ ಫೆಬ್ರವರಿವರೆಗೆ ಬಂದ್. ಬರೋಟ್‌ನ ಉಹ್ಲ್ ನದಿಯಲ್ಲೂ ಟ್ರೌಟ್ ಇದೆ, 1930ರ ದಶಕದ ಒಡ್ಡೂ ಇದೆ. ಆದರೆ ಅಲ್ಲಿನ ಕಥೆ ಬೇರೆ. ಆ ನದಿ ಹಿಮದ ನೀರಿನಿಂದ ಮೊದಲೇ ತಣ್ಣಗಿದೆ, ಒಡ್ಡು ನೀರನ್ನು ಸುರಂಗದಲ್ಲಿ ಜೋಗಿಂದರ್‌ನಗರದ ಶಾನನ್ ಪವರ್‌ಹೌಸ್‌ಗೆ ತಿರುಗಿಸುತ್ತದೆ. ಹಾಗಾಗಿ ಅಲ್ಲಿ ಒಡ್ಡಿನ ಮೇಲಿನ ಭಾಗವೇ ಮೇಲು, ಕೆಳಗೆ ನೀರು ಸಾಲದು.

ಮನೆ ಹತ್ತಿರವೇ ಫ್ಲೈ ರಾಡ್ ಬೀಸಬೇಕು ಅನ್ನುವವರು ಸ್ವಂತ ತೋಟದ ಕೆರೆಯಲ್ಲಿ ಶುರು ಮಾಡಿ. ಗೆಂಡೆ ಮೀನು ಸಣ್ಣ ಫ್ಲೈಗೆ ಚೆನ್ನಾಗಿ ಎದ್ದು ಬರುತ್ತದೆ. ಭದ್ರಾ ಹಿನ್ನೀರಿನ ಕಡೆ ಹುಲಿ ಮೀಸಲು ಅರಣ್ಯ, ಅಲ್ಲಿ ಗಾಳ ಅನ್ನುವ ಮಾತೇ ಬೇಡ. ಶೃಂಗೇರಿಯ ತುಂಗೆಯ ಮೀನುಗಳ ಬಗ್ಗೆ ನಾನು ಹೇಳುವುದೇ ಬೇಡ. ಗೊರೂರು, ಯಗಚಿ ಜಲಾಶಯಗಳಲ್ಲಿ ಹಿಡಿಯುವ ಹಕ್ಕು ಯಾರಿಗಿದೆ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಹೋಗಿ.

ಗೌಡ್ರೇ, ಹೋಗುವ ತಾರೀಖು ಗೊತ್ತಾದ ಮೇಲೆ ಇಲ್ಲೇ ಹಾಕಿ. ಎಲ್ಲಿ ಕಾರು ನಿಲ್ಲಿಸಬೇಕು, ಯಾವ ಕಡೆಯಿಂದ ಇಳಿಯಬೇಕು ಅನ್ನುವುದನ್ನು ಮ್ಯಾಪ್ ಮೇಲೆ ಗುರುತು ಮಾಡಿ ಕಳಿಸುತ್ತೇನೆ.