ಇನ್‌ಕ್ರಿಮೆಂಟಲ್ ಪೂಲಿಗೆ ಫುಲ್ ಬ್ಯಾಕಪ್ ನುಗ್ಗಿದ್ದೇಕೆ?

ಪ್ರಶ್ನೆ: ದಾವಣಗೆರೆ ಎ.ಪಿ.ಎಂ.ಸಿ. ಯಾರ್ಡಿನ ಮೆಕ್ಕೆಜೋಳದ ಮಂಡಿಯೊಂದರ ಲೆಕ್ಕಪತ್ರದ ಸರ್ವರ್ ನೋಡಿಕೊಳ್ಳುತ್ತೇನೆ. ಲಿನಕ್ಸ್ ಮೇಲೆ ಬ್ಯಾಕುಲಾ ಎಂಬ ಬ್ಯಾಕಪ್ ತಂತ್ರಾಂಶ ಹಾಕಿ, 4 ಟಿ.ಬಿ. ಡಿಸ್ಕಿಗೆ ತಿಂಗಳ ಮೊದಲ ಭಾನುವಾರ ಫುಲ್ (ಎಲ್ಲ ಕಡತಗಳು), ಉಳಿದ ಭಾನುವಾರಗಳಂದು ಡಿಫರೆನ್ಷಿಯಲ್ (ಕೊನೆಯ ಫುಲ್ ನಂತರ ಬದಲಾದದ್ದು), ವಾರದ ದಿನಗಳಲ್ಲಿ ಇನ್‌ಕ್ರಿಮೆಂಟಲ್ (ಹಿಂದಿನ ಬ್ಯಾಕಪ್ ನಂತರ ಬದಲಾದದ್ದು) ಓಡಿಸುತ್ತೇನೆ. ಫುಲ್ 250 ಜಿ.ಬಿ., ಇನ್‌ಕ್ರಿಮೆಂಟಲ್ ದಿನಕ್ಕೆ 22 ಜಿ.ಬಿ. ಮೂರಕ್ಕೂ ಬೇರೆ ಬೇರೆ ಪೂಲ್ (ಬ್ಯಾಕಪ್ ಕಡತಗಳ ಗುಂಪು) ಇದ್ದರೂ ಕಳೆದ ಬುಧವಾರ ಒಂದು ಫುಲ್ ಬ್ಯಾಕಪ್ ಇನ್‌ಕ್ರಿಮೆಂಟಲ್ ಪೂಲಿಗೇ ಹೋಗಿದೆ. ಹಿಂದಿನ ದಿನ ಒಂದು ಫೋಲ್ಡರ್ ಸೇರಿಸಿದ್ದೆ, ಅಷ್ಟೇ. ಹಳೆಯ ವಾಲ್ಯೂಮ್‌ಗಳೂ (ಬ್ಯಾಕಪ್ ಬರೆಯುವ ಕಡತಗಳು) ಮರುಬಳಕೆಯಾಗದೆ ಡಿಸ್ಕ್ ತುಂಬುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ಆ ಫೋಲ್ಡರೇ ಕಾರಣ. ಫೈಲ್‌ಸೆಟ್ (ಯಾವ ಫೋಲ್ಡರ್‌ಗಳ ಬ್ಯಾಕಪ್ ಎಂಬ ಪಟ್ಟಿ) ಬದಲಾದರೆ ಬ್ಯಾಕುಲಾ ಹಳೆಯ ಫುಲ್ ಅನ್ನು ನಂಬುವುದಿಲ್ಲ. ಮುಂದಿನ ಜಾಬ್ ಯಾವ ಹಂತದ್ದೇ ಆಗಿರಲಿ, ಅದನ್ನು ಫುಲ್‌ಗೆ ಏರಿಸುತ್ತದೆ. ಕ್ಯಾಟಲಾಗಿನಲ್ಲಿ (ಯಾವ ಬ್ಯಾಕಪ್ ಎಲ್ಲಿದೆ ಎಂಬ ಬ್ಯಾಕುಲಾದ ದಾಖಲೆ) ಹಿಂದಿನ ಫುಲ್ ಸಿಗದಿದ್ದರೂ ಹೀಗೇ. ನಿಮ್ಮ ಶೆಡ್ಯೂಲ್‌ನ ‘ರನ್’ ಸಾಲುಗಳಲ್ಲಿ ‘ಪೂಲ್’ ಬರೆದಿದ್ದೀರಿ ಅಂತ ಕಾಣುತ್ತದೆ. ಹಾಗಿದ್ದರೆ ಹಂತ ಏರುತ್ತದೆ, ಪೂಲ್ ಮಾತ್ರ ಆ ದಿನದ್ದೇ ಉಳಿಯುತ್ತದೆ.

‘ರನ್’ ಸಾಲುಗಳಿಂದ ಪೂಲ್ ತೆಗೆಯಿರಿ. ಬದಲಿಗೆ ಜಾಬ್ ವ್ಯಾಖ್ಯೆಯಲ್ಲಿ ‘ಫುಲ್ ಬ್ಯಾಕಪ್ ಪೂಲ್’, ‘ಡಿಫರೆನ್ಷಿಯಲ್ ಬ್ಯಾಕಪ್ ಪೂಲ್’, ‘ಇನ್‌ಕ್ರಿಮೆಂಟಲ್ ಬ್ಯಾಕಪ್ ಪೂಲ್’ ಎಂಬ ಮೂರು ಸಾಲು ಕೊಡಿ. ಆಗ ಪೂಲನ್ನು ಆರಿಸುವುದು ವಾರದ ದಿನವಲ್ಲ, ನಿಜವಾಗಿ ಓಡಿದ ಹಂತ.

ಇವನ್ನು ‘ಜಾಬ್‌ಡೆಫ್ಸ್’ನಲ್ಲಿ (ಹಲವು ಜಾಬ್‌ಗಳು ಹಂಚಿಕೊಳ್ಳುವ ವ್ಯಾಖ್ಯೆ) ಬರೆಯುವ ಆಸೆ ಬೇಡ. ಕ್ಯಾಟಲಾಗ್ ಬ್ಯಾಕಪ್ ಮಾಡುವ ಜಾಬ್ ಸಾಮಾನ್ಯವಾಗಿ ಅದೇ ಜಾಬ್‌ಡೆಫ್ಸ್ ಬಳಸುತ್ತದೆ, ದಿನವೂ ಫುಲ್ ಆಗಿಯೇ ಓಡುತ್ತದೆ. ಒಂದು ವಾಲ್ಯೂಮಿಗೆ ಒಂದೇ ಜಾಬ್ ಎಂದಿಟ್ಟರೆ ಎಂಟೇ ರಾತ್ರಿಯಲ್ಲಿ ಎಂಟು ಫುಲ್ ವಾಲ್ಯೂಮ್ ಮುಗಿದು, ನಿಜವಾದ ಫುಲ್ ಜಾಗಕ್ಕಾಗಿ ಕಾಯುತ್ತಾ ನಿಲ್ಲುತ್ತದೆ. ಕ್ಯಾಟಲಾಗಿಗೆ ಪ್ರತ್ಯೇಕ ಚಿಕ್ಕ ಪೂಲ್ ಇರಲಿ.

ಇನ್ನು ಡಿಸ್ಕ್ ತುಂಬುವ ವಿಷಯ. ‘ವಾಲ್ಯೂಮ್ ರಿಟೆನ್ಷನ್’ (ವಾಲ್ಯೂಮನ್ನು ಅಳಿಸದೆ ಉಳಿಸಿಡುವ ಅವಧಿ) ಎಣಿಕೆ ಶುರುವಾಗುವುದು ಆ ವಾಲ್ಯೂಮಿಗೆ ಕೊನೆಯ ಬಾರಿ ಬರೆದ ಹೊತ್ತಿನಿಂದ. ದಿನವೂ ಒಂದೇ ವಾಲ್ಯೂಮಿಗೆ ಬರೆಯುತ್ತಿದ್ದರೆ ಗಡಿಯಾರ ದಿನವೂ ಸೊನ್ನೆಗೆ ಬರುತ್ತದೆ, ಅವಧಿ ಮುಗಿಯುವುದೇ ಇಲ್ಲ. ಆದ್ದರಿಂದ ‘ಮ್ಯಾಕ್ಸಿಮಮ್ ವಾಲ್ಯೂಮ್ ಜಾಬ್ಸ್’ ಹಾಕಿ ವಾಲ್ಯೂಮನ್ನು ಮುಚ್ಚಲೇಬೇಕು. ನಿಮ್ಮ ಅಳತೆಗೆ ಹೊಂದುವುದು ಇಷ್ಟು: ಫುಲ್ ಪೂಲ್‌ಗೆ ರಿಟೆನ್ಷನ್ 6 ತಿಂಗಳು, ವಾಲ್ಯೂಮಿಗೆ 1 ಜಾಬ್, ಗರಿಷ್ಠ 8 ವಾಲ್ಯೂಮ್. ಡಿಫರೆನ್ಷಿಯಲ್‌ಗೆ 40 ದಿನ, 1 ಜಾಬ್, 7 ವಾಲ್ಯೂಮ್. ಇನ್‌ಕ್ರಿಮೆಂಟಲ್‌ಗೆ 20 ದಿನ, 6 ಜಾಬ್, 5 ವಾಲ್ಯೂಮ್. ಸೋಮವಾರದಿಂದ ಶನಿವಾರದವರೆಗೆ ಒಂದು ಕಡತ. ಮೂರರಲ್ಲೂ ‘ಆಟೋಪ್ರೂನ್’ (ಅವಧಿ ಮುಗಿದ ದಾಖಲೆ ತೆಗೆಯುವುದು), ‘ರೀಸೈಕಲ್’ (ವಾಲ್ಯೂಮ್ ಮರುಬಳಸುವುದು) ಎರಡೂ ಯೆಸ್ ಇರಲಿ.

ಲೆಕ್ಕ ನೋಡಿ: 8 ಫುಲ್‌ಗೆ 2,000 ಜಿ.ಬಿ., ಇನ್‌ಕ್ರಿಮೆಂಟಲ್‌ಗೆ 6 × 22 × 5 ಅಂದರೆ 660 ಜಿ.ಬಿ., ಡಿಫರೆನ್ಷಿಯಲ್ ಒಂದಕ್ಕೆ 45 ಜಿ.ಬಿ. ಎಂದುಕೊಂಡರೂ 315 ಜಿ.ಬಿ. ಒಟ್ಟು 3 ಟಿ.ಬಿ.ಗೆ ಸ್ವಲ್ಪ ಕಡಿಮೆ. ಉಳಿದ ಒಂದು ಟಿ.ಬಿ.ಯನ್ನು ಹಾಗೇ ಬಿಡಿ. ಆವಕ ಏರುವ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಅದೇ ಕೈ ಹಿಡಿಯುವುದು.

ಮಂಡಿಯಲ್ಲಿ ಎಷ್ಟೇ ತೂಕದ ಚೀಟಿ ಹರಿದರೂ ದಿನಕ್ಕೆ 22 ಜಿ.ಬಿ. ಹೊಸ ಮಾಹಿತಿ ಹುಟ್ಟುವುದಿಲ್ಲ. ಡೇಟಾಬೇಸ್ ಇಡೀ ಒಂದೇ ಡಂಪ್ (ಪೂರ್ತಿ ನಕಲು) ಕಡತವಾಗಿ ರಾತ್ರಿ ಬರೆಯಲ್ಪಡುತ್ತಿರಬೇಕು. ಬ್ಯಾಕುಲಾ ನೋಡುವುದು ಕಡತವನ್ನು; ಒಂದು ಸಾಲು ಬದಲಾದರೂ ಇಡೀ ಕಡತ ಹೋಗುತ್ತದೆ. ಮುಗಿದ ಹಣಕಾಸು ವರ್ಷಗಳ ಡಂಪ್ ಒಮ್ಮೆ ತೆಗೆದು ಬೇರೆ ಇಡಿ, ದಿನಾ ತೆಗೆಯುವುದು ನಡೆಯುತ್ತಿರುವ ವರ್ಷದ್ದು ಮಾತ್ರ. ಇಷ್ಟು ಮಾಡಿದರೆ ಮೇಲಿನ 660 ಬಹಳ ಇಳಿಯುತ್ತದೆ.

ಕಾನ್ಫಿಗ್ ತಿದ್ದಿ ರೀಲೋಡ್ ಮಾಡಿದ ಮಾತ್ರಕ್ಕೆ ಈಗಾಗಲೇ ಇರುವ ವಾಲ್ಯೂಮ್‌ಗಳಿಗೆ ಹೊಸ ಮಿತಿ ತಗಲುವುದಿಲ್ಲ. ಅವು ಲೇಬಲ್ ಆದ ದಿನದ ಮೌಲ್ಯಗಳನ್ನೇ ಹೊತ್ತಿರುತ್ತವೆ. ಬಿಕನ್ಸೋಲ್‌ನಲ್ಲಿ (ಬ್ಯಾಕುಲಾಗೆ ಆಜ್ಞೆ ಕೊಡುವ ಪರದೆ) ‘ಅಪ್‌ಡೇಟ್’ ಕೊಟ್ಟು ಮೊದಲು ‘ಪೂಲ್ ಫ್ರಮ್ ರಿಸೋರ್ಸ್’, ಆಮೇಲೆ ವಾಲ್ಯೂಮ್ ಪ್ಯಾರಾಮೀಟರ್ಸ್ ಒಳಗಿನ ‘ಆಲ್ ವಾಲ್ಯೂಮ್ಸ್ ಫ್ರಮ್ ಪೂಲ್’ ಓಡಿಸಿ. ದಾರಿ ತಪ್ಪಿದ ಬುಧವಾರದ ವಾಲ್ಯೂಮನ್ನೂ ಅಲ್ಲೇ ‘ಯೂಸ್ಡ್’ (ಇನ್ನು ಬರೆಯದಂತೆ) ಮಾಡಿ, ಫುಲ್ ಪೂಲಿಗೆ ಸಾಗಿಸಿ, ರಿಟೆನ್ಷನ್ 6 ತಿಂಗಳಿಗೆ ಏರಿಸಿ. ಈಗ ಎಲ್ಲ ಇನ್‌ಕ್ರಿಮೆಂಟಲ್‌ಗಳೂ ನಿಂತಿರುವುದು ಅದರ ಮೇಲೆ; 20 ದಿನಕ್ಕೆ ಅಳಿಸಿಹೋದರೆ ಸರಪಳಿಯೇ ಹರಿಯಿತು. ಅದಕ್ಕಾಗಿ ಫುಲ್ ಪೂಲಿನ ಗರಿಷ್ಠವನ್ನು ಸದ್ಯಕ್ಕೆ 9 ಮಾಡಿಕೊಳ್ಳಿ. ಜಾಗ ಬೇಕೆಂದು ಕಡತವನ್ನು ನೇರ ‘ಆರ್‌ಎಂ’ (ಲಿನಕ್ಸಿನ ಅಳಿಸುವ ಆಜ್ಞೆ) ಮಾಡಬೇಡಿ, ಕ್ಯಾಟಲಾಗ್ ಅದು ಇನ್ನೂ ಇದೆ ಎಂದೇ ತಿಳಿದಿರುತ್ತದೆ.

ಕ್ಲೈಂಟ್ (ಬ್ಯಾಕಪ್ ಆಗುವ ಯಂತ್ರ) ವ್ಯಾಖ್ಯೆಯನ್ನೂ ತೆರೆದು ನೋಡಿ. ‘ಫೈಲ್ ರಿಟೆನ್ಷನ್’ (ಕ್ಯಾಟಲಾಗಿನಲ್ಲಿ ಕಡತಗಳ ಹೆಸರು ಉಳಿಯುವ ಅವಧಿ) ಬರೆಯದೆ ಬಿಟ್ಟರೆ 60 ದಿನ. ಅದು ಮುಗಿದ ಮೇಲೆ ಫುಲ್ ಡಿಸ್ಕಿನಲ್ಲಿದ್ದರೂ ಒಂದೇ ಕಡತ ಆರಿಸಿ ತೆಗೆಯಲಾಗದು. ಅದನ್ನೂ ‘ಜಾಬ್ ರಿಟೆನ್ಷನ್’ ಅನ್ನೂ 7 ತಿಂಗಳಿಗೆ ಏರಿಸಿ.

ಭಾನುವಾರ ರಾತ್ರಿ ಕರೆಂಟ್ ಹೋಗಿ ಫುಲ್ ಅರ್ಧಕ್ಕೆ ನಿಂತರೆ, ಸೋಮವಾರದ ಇನ್‌ಕ್ರಿಮೆಂಟಲ್ ಹಳೆಯ ಸರಪಳಿಗೇ ಸದ್ದಿಲ್ಲದೆ ಸೇರಿಕೊಂಡು, ಹೊಸ ಫುಲ್‌ಗೆ ಒಂದು ತಿಂಗಳು ಕಾಯಬೇಕಾಗುತ್ತದೆ. ಜಾಬ್‌ನಲ್ಲಿ ‘ರೀರನ್ ಫೇಲ್ಡ್ ಲೆವೆಲ್ಸ್’ ಯೆಸ್ ಮಾಡಿದರೆ ಸೋಮವಾರವೇ ಫುಲ್ ಓಡುತ್ತದೆ. ಮೇಲಿನ ಮೂರು ಸಾಲು ಇದ್ದರೆ ಅದು ಫುಲ್ ಪೂಲಿಗೇ ಹೋಗುತ್ತದೆ.