ಮಂಜುಗಡ್ಡೆಯ ಮೇಲೆ ಗುರಿಯತ್ತ ಕಲ್ಲು ಜಾರಿಸುವ ಆಟ ಕರ್ಲಿಂಗ್‌ನಲ್ಲಿ ಪದಕ ಬಿಟ್ಟರೆ ಬೇರೆ ಮನ್ನಣೆ ಇದೆಯೇ? ಕೋಚ್‌ಗಳು ಸಂಬಳವಿಲ್ಲದೆ ಕಲಿಸುತ್ತಾರೆಯೇ?

ಮನ್ನಣೆ ಖಂಡಿತ ಇದೆ. ನನ್ನ ಲೆಕ್ಕದಲ್ಲಿ ಪದಕಕ್ಕಿಂತ ತೂಕದ್ದು ಕಾಲಿ ಕ್ಯಾಂಪ್‌ಬೆಲ್ ಸ್ಮಾರಕ ಪ್ರಶಸ್ತಿ. ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ರೀಡಾ ಮನೋಭಾವಕ್ಕೆ ಕೊಡುವ ಈ ಪ್ರಶಸ್ತಿಗೆ ಅರ್ಹರನ್ನು ಆರಿಸುವವರು ಆಟಗಾರರೇ, ಅಂದರೆ ಎದುರಾಳಿಗಳೂ ಸೇರಿ! ಮಹಿಳೆಯರಿಗೆ ಫ್ರಾನ್ಸಿಸ್ ಬ್ರೋಡಿ ಪ್ರಶಸ್ತಿಯಿದೆ. ಇದು ಬರಿಯ ಔಪಚಾರಿಕತೆಯಲ್ಲ. ಕ್ಲಬ್ ಪಂದ್ಯಗಳಲ್ಲಿ ಸಾಮಾನ್ಯವಾಗಿ ಅಂಪೈರ್ ಇರುವುದಿಲ್ಲ. ಜಾರುತ್ತಿರುವ ಕಲ್ಲಿಗೆ, ಅದರ ಮುಂದಿನ ಮಂಜುಗಡ್ಡೆಯನ್ನು ಉಜ್ಜುವ ತನ್ನ ಪೊರಕೆ ತಾಗಿದರೆ ಆಟಗಾರನೇ ಒಪ್ಪಿಕೊಳ್ಳಬೇಕು.

ಆಟದ ಕೌಶಲಕ್ಕೂ ಗೌರವವಿದೆ. ಒಂದು ಎಂಡ್‌ನಲ್ಲಿ, ಅಂದರೆ ಪಂದ್ಯದ ಒಂದು ಸುತ್ತಿನಲ್ಲಿ, ತಂಡಕ್ಕೆ ಎಂಟು ಕಲ್ಲು. ಎಂಟೂ ಅಂಕ ತಂದರೆ ಅದು ‘ಎಯ್ಟ್ ಎಂಡರ್’. ದಶಕಗಳ ಕಾಲ ಆಡಿದವರಿಗೂ ಅದು ಸಿಗುವುದು ದುರ್ಲಭ. ಕೆನಡಾದಲ್ಲಿ ಇದಕ್ಕೆಂದೇ ಪಿನ್ ಕೊಡುವ ರೂಢಿಯಿದೆ.

ಮನ್ನಣೆ ತಡವಾದದ್ದೂ ಉಂಟು. 1924ರಲ್ಲಿ ಫ್ರಾನ್ಸ್‌ನ ಶಾಮೊನಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡ ಗೆದ್ದ ಚಿನ್ನವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅಧಿಕೃತವೆಂದು ಖಚಿತಪಡಿಸಿದ್ದು 2006ರಲ್ಲಿ. ಗೆದ್ದವರ ಕುಟುಂಬದವರ ಪರವಾಗಿ ಸ್ಕಾಟ್ಲೆಂಡ್‌ನ ಪತ್ರಿಕೆಯೊಂದು ಹಟ ಹಿಡಿದದ್ದರ ಫಲ ಅದು.

ಇನ್ನು ಕೋಚ್‌ಗಳು. ರಾಷ್ಟ್ರೀಯ ತಂಡಗಳಲ್ಲಿ ವೇತನ ಪಡೆಯುವವರಿದ್ದಾರೆ. ಆದರೆ ಕೆನಡಾ, ಸ್ಕಾಟ್ಲೆಂಡ್‌ಗಳ ಊರಿನ ಕ್ಲಬ್‌ಗಳಲ್ಲಿ ಮಕ್ಕಳಿಗೆ ಕಲಿಸುವವರು ಬಹುಪಾಲು ಸ್ವಯಂಸೇವಕರು: ಹಳೆಯ ಆಟಗಾರರು, ತಂದೆತಾಯಂದಿರು. ಕಾಲೂರಿ ನಿಲ್ಲುವುದು, ಸಮತೋಲನ ತಪ್ಪದೆ ಜಾರುವುದು, ಸುಮಾರು 19 ಕಿಲೋ ತೂಕದ ಕಲ್ಲನ್ನು ನೂಕದೆ ಹದವಾಗಿ ಬಿಡುವುದು, ಇವೆಲ್ಲ ಅವರಿಂದಲೇ ಬರುತ್ತವೆ. ಕೆನಡಾದಲ್ಲಿ ಇಂಥವರಿಗೂ ತರಬೇತಿ, ಪ್ರಮಾಣಪತ್ರಗಳ ವ್ಯವಸ್ಥೆಯಿದೆ. ಹಲವು ಕ್ಲಬ್‌ಗಳು ವರ್ಷಾಂತ್ಯದ ಸಮಾರಂಭದಲ್ಲಿ ಅವರನ್ನೂ ಸನ್ಮಾನಿಸುತ್ತವೆ.